ತ್ರಿಕೋನ ಮಾರ್ಫ್: ಕಪ್ಪು ಗೆರೆ, ಎರಡೆರಡು ಕಿವಿ, ಕೆನ್ನೆಯಲ್ಲಿ ಜಿಗಿತ. ಬ್ಲೆಂಡಿಂಗ್ ತಪ್ಪಾ?

ಹೊಸಗೆರೆ
ಒಂದು ಮುಖ ನಿಧಾನಕ್ಕೆ ಇನ್ನೊಂದಾಗೋ ವಿಡಿಯೊ (ಮಾರ್ಫ್) ಮಾಡ್ತಿದ್ದೀನಿ. ಎರಡು ಮುಖದ ಚಿತ್ರ, ಎರಡೂ 1024×1024 ಪಿಕ್ಸೆಲ್. ಡಿಲಿಬ್ ಲೈಬ್ರರಿ ಮುಖದ ಮೇಲೆ ಗುರುತಿಸೋ 68 ಬಿಂದು, ಅವನ್ನ ತ್ರಿಕೋನಗಳಾಗಿ ಜೋಡಿಸೋ ಡೆಲೋನೆ ಜಾಲ, ಪ್ರತಿ ತ್ರಿಕೋನಕ್ಕೂ ಅದನ್ನ ಎಳೆದು, ಓರೆ ಮಾಡಿ, ಸರಿಸೋ ಒಂದು ಅಫೈನ್ ಮ್ಯಾಟ್ರಿಕ್ಸ್, ಅದನ್ನ ಚಿತ್ರಕ್ಕೆ ಹಾಕೋಕೆ ಓಪನ್‌ಸಿವಿ ಲೈಬ್ರರಿಯ ವಾರ್ಪ್‌ಅಫೈನ್, ಆಮೇಲೆ ಮಾಸ್ಕ್ (ತ್ರಿಕೋನದ ಹೊರಗಿನದ್ದನ್ನ ಮರೆಮಾಡೋ ಅಚ್ಚು) ಹಾಕಿ ಅಂಟಿಸೋದು. ಒಟ್ಟು 60 ಫ್ರೇಮ್. ಕೋಡ್ ಓಡ್ತಿದೆ, ಚಿತ್ರ ಮಾತ್ರ ನೋಡೋ ಹಾಗಿಲ್ಲ.

ತ್ರಿಕೋನಗಳ ಸಂದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಬರುತ್ತೆ. ನಡುವಿನ ಫ್ರೇಮ್‌ಗಳಲ್ಲಿ ಕಣ್ಣು, ಬಾಯಿ ಚೊಕ್ಕವಾಗಿವೆ, ಆದರೆ ಹಣೆ, ಕೂದಲು, ಕಿವಿ ಎಲ್ಲ ಎರಡೆರಡು ಕಾಣುತ್ತೆ. 20ನೇ ಫ್ರೇಮ್ ಹತ್ತಿರ ಕೆನ್ನೆ ಮೇಲೆ ಚಟ್ ಅಂತ ಒಂದು ಜಿಗಿತ. ಮುಖದ ಜಾಲದ ಹೊರಗೆ ಸುಮ್ಮನೆ ಎರಡೂ ಚಿತ್ರ ಬೆರೆಸಿದ್ದೀನಿ. ತ್ರಿಕೋನಗಳನ್ನ ಪ್ರತಿ ಫ್ರೇಮ್‌ಗೂ ಹೊಸದಾಗಿ ಲೆಕ್ಕ ಹಾಕ್ತೀನಿ. ಬ್ಲೆಂಡಿಂಗ್ ಸರಿ ಇಲ್ಲ ಅನ್ಸುತ್ತೆ. ಪೊಯಿಸಾನ್ ಬ್ಲೆಂಡ್ (ಸಂದಿಯಲ್ಲಿ ಬಣ್ಣ ಹೊಂದಿಸೋ ವಿಧಾನ) ಹಾಕಿದ್ರೆ ಹೋಗುತ್ತಾ?

ಸುಮ್ನೆ_ಓದುಗ
ಮಾಸ್ಕನ್ನ 1 ಪಿಕ್ಸೆಲ್ ಡೈಲೇಟ್ (ದಪ್ಪ) ಮಾಡಿ, ಗೆರೆ ಮಾಯ.

ಜಾಲರಿ
ಪೊಯಿಸಾನ್ ಹಾಕೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ. ಬ್ಲೆಂಡಿಂಗ್‌ಗೂ ನಿಮ್ಮ ಮೂರು ತೊಂದರೆಗೂ ಸಂಬಂಧವೇ ಇಲ್ಲ. ಉತ್ತರದ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ.

ಜಿಗಿತ ಮೊದಲು. ಪ್ರತಿ ಫ್ರೇಮ್‌ಗೂ ಡೆಲೋನೆ ಹೊಸದಾಗಿ ಕಟ್ಟಿದರೆ ಬಿಂದುಗಳು ಸರಿದಂತೆ ಅಕ್ಕಪಕ್ಕದ ಎರಡು ತ್ರಿಕೋನ ಸೇರಿ ಆದ ಯಾವುದೋ ಒಂದು ಚತುರ್ಭುಜದ ಕರ್ಣ ಇನ್ನೊಂದು ಕಡೆಗೆ ತಿರುಗಿಬಿಡುತ್ತೆ. ಅಲ್ಲಿಯವರೆಗೆ ಒಂದು ತ್ರಿಕೋನದಲ್ಲಿದ್ದ ಪಿಕ್ಸೆಲ್ ಮುಂದಿನ ಫ್ರೇಮ್‌ನಲ್ಲಿ ಬೇರೆ ತ್ರಿಕೋನದ ಮ್ಯಾಟ್ರಿಕ್ಸ್ ಪಾಲಾಗುತ್ತೆ. ಅದೇ ಚಟ್. ಎರಡೂ ಚಿತ್ರದ ಬಿಂದುಗಳ ಸರಾಸರಿ ತಗೊಂಡು, ಆ ಸರಾಸರಿ ಆಕಾರದ ಮೇಲೆ ಒಂದೇ ಸಲ ಡೆಲೋನೆ ಮಾಡಿ. ಬಂದ ಪಟ್ಟಿಯಲ್ಲಿ ಬಿಂದುಗಳ ಕ್ರಮಸಂಖ್ಯೆ ಮಾತ್ರ ಇಟ್ಕೊಳ್ಳಿ. 60 ಫ್ರೇಮ್‌ಗೂ ಅದೇ ಪಟ್ಟಿ.

ಎರಡು ಕಿವಿ: 68 ಬಿಂದುಗಳಲ್ಲಿ ದವಡೆಗೆ 17, ಹುಬ್ಬಿಗೆ 10, ಮೂಗಿಗೆ 9, ಕಣ್ಣಿಗೆ 12, ಬಾಯಿಗೆ 20. ಕಿವಿಗೆ ಸೊನ್ನೆ, ಹಣೆಗೆ ಸೊನ್ನೆ, ಕೂದಲಿಗೂ ಸೊನ್ನೆ. ಬಿಂದು ಇಲ್ಲದ ಕಡೆ ನೀವು ಮಾಡ್ತಿರೋದು ಬರೀ ಕರಗಿಸುವಿಕೆ, ಮಾರ್ಫ್ ಅಲ್ಲ. ಚಿತ್ರದ ನಾಲ್ಕು ಮೂಲೆ, ನಾಲ್ಕು ಅಂಚಿನ ನಡುಬಿಂದು ಸೇರಿಸಿ 76 ಮಾಡಿ. ಆಮೇಲೆ ಕಿವಿಗೆ ತಲಾ 3, ಕೂದಲ ಗಡಿ ಉದ್ದಕ್ಕೆ 7–9, ಕತ್ತು ಭುಜಕ್ಕೆ ಸೇರುವಲ್ಲಿ 2, ಇವನ್ನ ಕೈಯಾರೆ ಇಡಿ. ಬೇರೆ ದಾರಿ ಇಲ್ಲ.

ಅದಕ್ಕೂ ಮೊದಲು ಎರಡೂ ಮುಖವನ್ನ ಒಂದೇ ಅಳತೆಗೆ, ಒಂದೇ ಓರೆಗೆ ತನ್ನಿ. ತಿರುಗಿಸು, ಹಿಗ್ಗಿಸು, ಸರಿಸು, ಅಷ್ಟೇ. ಒಂದೊಂದು ಕಣ್ಣಿನ ನಡುಬಿಂದು, ಹೀಗೆ ಎರಡು ಬಿಂದು ಇದ್ದರೆ ಸಾಕು.

ಹೊಸಗೆರೆ
ಕರ್ಣ ತಿರುಗೋದು ಹೊಳೆದೇ ಇರ್ಲಿಲ್ಲ. ಕಪ್ಪು ಗೆರೆ? ವಾರ್ಪ್‌ಅಫೈನ್‌ಗೆ ಮ್ಯಾಟ್ರಿಕ್ಸ್ ಉಲ್ಟಾ ಕೊಡ್ಬೇಕಾ? ಎಲ್ಲೋ ಓದಿದ್ದೆ, ಗುರಿಯಿಂದ (ಬರಬೇಕಾದ ಚಿತ್ರದಿಂದ) ಮೂಲಕ್ಕೆ ಹೋಗ್ಬೇಕು ಅಂತ.

ಅರ್ಧಪಿಕ್ಸೆಲ್
ಓದಿದ್ದು ಸರಿ, ಆದರೆ ಉಲ್ಟಾ ಕೊಡಬೇಡಿ. ವಾರ್ಪ್‌ಅಫೈನ್ ಮೂಲದಿಂದ ಗುರಿಗೆ ಹೋಗುವ ಮ್ಯಾಟ್ರಿಕ್ಸ್ ತಗೊಂಡು ತಾನೇ ಒಳಗೆ ಉಲ್ಟಾ ಮಾಡಿಕೊಳ್ಳುತ್ತೆ. ನೀವೇ ಉಲ್ಟಾ ಮಾಡಿದ್ದರೆ ಮಾತ್ರ ವಾರ್ಪ್ ಇನ್‌ವರ್ಸ್ ಮ್ಯಾಪ್ ಅನ್ನೋ ಧ್ವಜ ಹಾಕಬೇಕು. ರೀಮ್ಯಾಪ್ (ಪ್ರತಿ ಪಿಕ್ಸೆಲ್‌ನ ಸ್ಥಾನವನ್ನ ನಕ್ಷೆಯಾಗಿ ತಗೊಳ್ಳೋ ಇನ್ನೊಂದು ಓಪನ್‌ಸಿವಿ ಫಂಕ್ಷನ್) ಹಾಗಲ್ಲ, ಅದಕ್ಕೆ ಯಾವಾಗಲೂ ಗುರಿಯಿಂದ ಮೂಲಕ್ಕೆ. ಈ ಎರಡನ್ನು ಗೊಂದಲ ಮಾಡಿಕೊಂಡರೆ ಹಿಗ್ಗಬೇಕಾದದ್ದು ಕುಗ್ಗುತ್ತೆ.

ಗುರಿಯಿಂದ ಮೂಲಕ್ಕೇ ಯಾಕೆ ಅಂದ್ರೆ: ಮೂಲದ ಪಿಕ್ಸೆಲ್ ಒಂದೊಂದನ್ನೂ ಎತ್ತಿ ಗುರಿಗೆ ಎಸೆದರೆ, ಹಿಗ್ಗಿದ ಜಾಗದಲ್ಲಿ ತೂತು ಬೀಳುತ್ತೆ, ಕುಗ್ಗಿದ ಜಾಗದಲ್ಲಿ ಒಂದರ ಮೇಲೊಂದು ಬಂದು ಕೂರುತ್ತೆ. ಗುರಿಯ ಪ್ರತಿ ಪಿಕ್ಸೆಲ್ಲೂ "ನನ್ನ ಬಣ್ಣ ಮೂಲದಲ್ಲಿ ಎಲ್ಲಿದೆ?" ಅಂತ ಕೇಳಿದರೆ ತೂತಿನ ಪ್ರಶ್ನೆಯೇ ಇಲ್ಲ.

ನಿಮ್ಮ ಕಪ್ಪು ಗೆರೆಗೆ ಕಾರಣ ಬೇರೆ. ಪ್ರತಿ ತ್ರಿಕೋನದ ಸುತ್ತಲ ಆಯತವನ್ನ ಕತ್ತರಿಸಿ ತೆಗೆದು ವಾರ್ಪ್ ಮಾಡ್ತಿದ್ದೀರಿ ಅಂತ ಕಾಣುತ್ತೆ. ಅಂಚಿನ ಪಿಕ್ಸೆಲ್‌ಗೆ ಬೈಲೀನಿಯರ್ ಲೆಕ್ಕ (ಸುತ್ತಲ 4 ಪಿಕ್ಸೆಲ್‌ನ ತೂಕದ ಸರಾಸರಿ) ಹಾಕುವಾಗ ನೆರೆಯ ಪಿಕ್ಸೆಲ್ ಕತ್ತರಿಸಿದ ತುಂಡಿನ ಆಚೆ ಬೀಳುತ್ತೆ. ಅಲ್ಲಿ ಡೀಫಾಲ್ಟ್ ಬಣ್ಣ ಸೊನ್ನೆ, ಅಂದ್ರೆ ಕಪ್ಪು. ಅದೇ ಒಳಗೆ ಸೋರುತ್ತೆ. ಬಾರ್ಡರ್ ರಿಫ್ಲೆಕ್ಟ್ 101 (ಅಂಚಿನಾಚೆ ಒಳಗಿನ ಪಿಕ್ಸೆಲ್‌ಗಳನ್ನೇ ಕನ್ನಡಿಯಂತೆ ತುಂಬೋ ಆಯ್ಕೆ) ಹಾಕಿದರೆ ಮುಕ್ಕಾಲು ಪಾಲು ಹೋಗುತ್ತೆ. ಉಳಿದದ್ದು ಶೃಂಗಗಳನ್ನ ಪೂರ್ಣಾಂಕಕ್ಕೆ ದುಂಡು ಮಾಡೋದ್ರಿಂದ ಮತ್ತು ನಯ ಅಂಚಿನ ಮಾಸ್ಕ್‌ನಿಂದ ಬರೋದು.

ಪೂರ್ತಿ ಹೋಗಬೇಕಾದ್ರೆ ಅಂಟಿಸೋದನ್ನೇ ಬಿಡಿ:

ಮೊದಲು, ಈ ಫ್ರೇಮ್‌ನ ಆಕಾರ = (1−ಟಿ)×ಮೊದಲ ಬಿಂದು + ಟಿ×ಎರಡನೇ ಬಿಂದು. ಟಿ ಅಂದ್ರೆ ಮಾರ್ಫ್ ಎಷ್ಟು ಮುಂದೆ ಹೋಗಿದೆ ಅನ್ನೋದು, ಮೊದಲ ಚಿತ್ರದಲ್ಲಿ 0, ಎರಡನೆಯದರಲ್ಲಿ 1. ಒಂದು ಖಾಲಿ ಚಿತ್ರದಲ್ಲಿ ಪ್ರತಿ ತ್ರಿಕೋನವನ್ನೂ ಅದರ ಸಂಖ್ಯೆಯನ್ನೇ ಬಣ್ಣ ಮಾಡಿ ತುಂಬಿ, ನಯ ಅಂಚು ಬೇಡ. ಈಗ ಪ್ರತಿ ಪಿಕ್ಸೆಲ್‌ಗೂ ತಾನು ಯಾವ ತ್ರಿಕೋನದ್ದು ಅಂತ ಗೊತ್ತು. ಆ ತ್ರಿಕೋನದ ಉಲ್ಟಾ ಅಫೈನ್ (6 ಸಂಖ್ಯೆ) ಹಾಕಿ ಮೂಲದ ಸ್ಥಾನ ಕಂಡುಹಿಡಿದು, ಅಡ್ಡ ಒಂದು, ಉದ್ದ ಒಂದು, ಎರಡು 32-ಬಿಟ್ ಫ್ಲೋಟ್ ನಕ್ಷೆಗೆ ಬರೆಯಿರಿ. ಕೊನೆಗೆ ಇಡೀ ಚಿತ್ರಕ್ಕೆ ಒಂದೇ ರೀಮ್ಯಾಪ್. ಎರಡನೇ ಚಿತ್ರಕ್ಕೂ ಹೀಗೇ. ಸಂದಿಯೇ ಇಲ್ಲದ ಮೇಲೆ ಗೆರೆ ಎಲ್ಲಿಂದ?

76 ಬಿಂದು, ಅದರಲ್ಲಿ 8 ಗಡಿಯವು, ಅಂದ್ರೆ 2×76−2−8 = 142 ತ್ರಿಕೋನ. 8-ಬಿಟ್ ಚಿತ್ರ ಸಾಕು. ಮುಖ ಗುರುತಿಸೋ ಇನ್ನೊಂದು ಲೈಬ್ರರಿ ಮೀಡಿಯಾಪೈಪ್‌ನ 468 ಬಿಂದುವಿಗೆ ಇದೇ 8 ಗಡಿ ಬಿಂದು ಸೇರಿಸಿದರೆ 942 ಆಗುತ್ತೆ, ಆಗ 16-ಬಿಟ್ ಬೇಕು. ಇಲ್ಲದಿದ್ದರೆ 255 ಆದಮೇಲೆ ಎಲ್ಲ ಕಲಸುಮೇಲೋಗರ.

ಸುಮ್ನೆ_ಓದುಗ
ಡೈಲೇಟ್ ಮಾಡಿದ್ರೂ ಗೆರೆ ಹೋಗುತ್ತಲ್ಲ ಗುರು, ಇಷ್ಟು ದೊಡ್ಡ ಪುರಾಣ ಯಾಕೆ?

ಅರ್ಧಪಿಕ್ಸೆಲ್
ಹೋಗಲ್ಲ. ಮಾಸ್ಕ್ ದಪ್ಪ ಮಾಡಿದರೆ ಆಚೆ ಇರೋ ಕಪ್ಪು ಸೋರಿಕೆ ಇನ್ನೂ ಒಂದು ಪಿಕ್ಸೆಲ್ ಜಾಸ್ತಿ ಒಳಗೆ ಬರುತ್ತೆ. ಬಾರ್ಡರ್ ಸರಿ ಮಾಡಿ ಆಮೇಲೆ ಡೈಲೇಟ್ ಮಾಡಿದ್ರೆ ಗೆರೆ ಹೋಗುತ್ತೆ, ನಿಜ. ಆದರೆ ಆಗ ಯಾವ ತ್ರಿಕೋನ ಕೊನೆಗೆ ಅಂಟಿಸಿದಿರೋ ಅದು ಪಕ್ಕದವನ ಜಾಗ ಒತ್ತುವರಿ ಮಾಡಿರುತ್ತೆ. ಸಣ್ಣ ಚಿತ್ರದಲ್ಲಿ ರೆಪ್ಪೆ ಗೆರೆ ಮುರಿದ ಹಾಗೆ ಕಾಣೋದು ಅದಕ್ಕೇ.

ಸುಮ್ನೆ_ಓದುಗ
ಸರಿ ಸರಿ, ಒಪ್ಪಿದೆ.

ಗೆರೆಗಾರ
ತ್ರಿಕೋನಗಳ ಹಿಂದೆ ಬಿದ್ದವರ ಗೋಳೇ ಇಷ್ಟು. ಅಫೈನ್ ಅಂದ್ರೆ ಪ್ರತಿ ತ್ರಿಕೋನದೊಳಗೆ ಸಮ, ಅಂಚು ದಾಟಿದ ಕೂಡಲೇ ಓರೆ ಬದಲಾಗುತ್ತೆ. ಚಿತ್ರ ಹರಿಯಲ್ಲ, ಆದರೆ ಹುಬ್ಬು, ದವಡೆಯಂಥ ನಯವಾದ ಗೆರೆ ತ್ರಿಕೋನದ ಅಂಚಲ್ಲಿ ಮುರಿಯುತ್ತೆ. ಬಯರ್–ನೀಲಿ ವಿಧಾನ ನೋಡಿ, 1992ರ ಸಿಗ್‌ಗ್ರಾಫ್ (ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನ) ಪ್ರಬಂಧ. ಬಿಂದುಗಳ ಬದಲು ಜೋಡಿ ಗೆರೆಗಳು: ಈ ಚಿತ್ರದ ಹುಬ್ಬಿನ ಗೆರೆ, ಆ ಚಿತ್ರದ ಹುಬ್ಬಿನ ಗೆರೆ. ಗುರಿಯ ಪ್ರತಿ ಪಿಕ್ಸೆಲ್‌ಗೂ ಒಂದೊಂದು ಗೆರೆಯಿಂದ ಎರಡು ಅಳತೆ: ಗೆರೆಯ ಉದ್ದಕ್ಕೆ ಎಷ್ಟು ಪಾಲು, ಗೆರೆಯಿಂದ ಲಂಬವಾಗಿ ಎಷ್ಟು ಪಿಕ್ಸೆಲ್ ದೂರ. ಮೂಲದ ಗೆರೆಯ ಮೇಲೆ ಅದೇ ಎರಡು ಅಳತೆ ಇಟ್ಟರೆ ಮೂಲದ ಸ್ಥಾನ ಸಿಕ್ತು. ಗೆರೆ ಹಲವು ಇದ್ದರೆ ತೂಕದ ಸರಾಸರಿ:

ತೂಕ = ( ಉದ್ದ^ಪಿ ÷ (ಎ + ದೂರ) )^ಬಿ

ಎ ತೀರಾ ಸಣ್ಣದಾದರೆ ಗೆರೆ ಮೇಲಿನ ಪಿಕ್ಸೆಲ್ ಗೆರೆಗೇ ಕಚ್ಚಿಕೊಳ್ಳುತ್ತೆ. ದೊಡ್ಡದಾದರೆ ನಯ, ಆದರೆ ಹಿಡಿತ ಕಮ್ಮಿ. ಬಿ 0.5ರಿಂದ 2ರ ನಡುವೆ, ಪಿ 0ಯಿಂದ 1ರ ನಡುವೆ. ಪಿ ಸೊನ್ನೆ ಆದರೆ ಗೆರೆ ಉದ್ದ ಇದ್ದರೂ ಗಿಡ್ಡ ಇದ್ದರೂ ಒಂದೇ ಬೆಲೆ.

ಜಾಲರಿ
ಗೆರೆಗಾರರೇ, ಅದರ ರೋಗಗಳನ್ನೂ ಹೇಳಿ. ಪ್ರತಿ ಪಿಕ್ಸೆಲ್‌ಗೂ ಎಲ್ಲ ಗೆರೆಗಳ ಪ್ರಭಾವ ಬೀಳುತ್ತೆ. ಗಲ್ಲದ ಗೆರೆ ಎಳೆದರೆ ಕಿವಿ ಮಿಸುಕುತ್ತೆ. ಎರಡು ಗೆರೆ ಒಂದನ್ನೊಂದು ದಾಟಿದರೆ ಅಲ್ಲೊಂದು ಸುಳಿ. ಒಂದು ಜೋಡಿಯಲ್ಲಿ ತಲೆ–ಬಾಲ ಅದಲುಬದಲಾಗಿದ್ದರೆ ಆ ಜಾಗ 180 ಡಿಗ್ರಿ ತಿರುಗಿ ಕೂರುತ್ತೆ. ಖರ್ಚು ಬೇರೆ: 1024×1024ರಲ್ಲಿ 40 ಗೆರೆ, ಎರಡು ಚಿತ್ರ, ಫ್ರೇಮ್‌ಗೆ ಸುಮಾರು 8.4 ಕೋಟಿ ಗೆರೆ ಲೆಕ್ಕ. 60 ಫ್ರೇಮ್‌ಗೆ 500 ಕೋಟಿ ಮೇಲೆ. ತ್ರಿಕೋನದಲ್ಲಿ ಪಿಕ್ಸೆಲ್‌ಗೆ ಒಂದೇ ಒಂದು ಮ್ಯಾಟ್ರಿಕ್ಸ್.

ಗೆರೆಗಾರ
ಜಿಪಿಯುನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಪ್ರತಿ ಪಿಕ್ಸೆಲ್ ಸ್ವತಂತ್ರ, ಶೇಡರ್‌ನಲ್ಲಿ (ಜಿಪಿಯು ಮೇಲೆ ಓಡೋ ಪುಟ್ಟ ಕೋಡ್) 20 ಸಾಲು. ಸಿಪಿಯು ಆದರೂ ಸ್ಥಾನದ ನಕ್ಷೆಯನ್ನ 4 ಪಿಕ್ಸೆಲ್‌ಗೊಂದರಂತೆ ಲೆಕ್ಕ ಹಾಕಿ ಹಿಗ್ಗಿಸಿದರೆ ಖರ್ಚು ಹದಿನಾರನೇ ಒಂದಕ್ಕೆ ಇಳಿಯುತ್ತೆ. ತಲೆ–ಬಾಲದ ಮಾತು ಮಾತ್ರ ಸತ್ಯ, ಆ ತಪ್ಪು ಎಲ್ಲರೂ ಮಾಡ್ತಾರೆ.

ಹಳೇಕಾಗದ
1991ರಲ್ಲಿ ಮೈಕೆಲ್ ಜಾಕ್ಸನ್‌ನ 'ಬ್ಲ್ಯಾಕ್ ಆರ್ ವೈಟ್' ಹಾಡಿನ ಕೊನೆಯಲ್ಲಿ ಒಂದು ಮುಖ ಇನ್ನೊಂದಾಗುತ್ತಾ ಹೋಗುತ್ತಲ್ಲ, ಅದು ಪೆಸಿಫಿಕ್ ಡೇಟಾ ಇಮೇಜಸ್ ಸ್ಟುಡಿಯೋದವರು ಇದೇ ಗೆರೆ ವಿಧಾನದಲ್ಲಿ ಮಾಡಿದ್ದು. ಅದಕ್ಕೂ ಮೊದಲು 1988ರ 'ವಿಲ್ಲೋ' ಸಿನಿಮಾದಲ್ಲಿ ಪ್ರಾಣಿಯಿಂದ ಪ್ರಾಣಿಗೆ ಬದಲಾಗೋದು ಜಾಲದ ವಾರ್ಪ್, ಐಎಲ್‌ಎಂ (ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್) ಸ್ಟುಡಿಯೋದ್ದು.

ಇನ್ನೂ ಹಿಂದಕ್ಕೆ ಹೋಗಬೇಕಾ? ಜೀವವಿಜ್ಞಾನಿ ಡಾರ್ಸಿ ಥಾಂಪ್ಸನ್ 1917ರಲ್ಲೇ ಒಂದು ಮೀನಿನ ಮೇಲೆ ಚೌಕುಳಿ ಗೆರೆ ಹಾಕಿ, ಚೌಕುಳಿಯನ್ನ ಬಗ್ಗಿಸಿ ಇನ್ನೊಂದು ಜಾತಿಯ ಮೀನಿನ ಆಕಾರ ತಂದು ತೋರಿಸಿದ್ದ. ಕಾಗದ, ಪೆನ್ಸಿಲ್, ಅಷ್ಟೇ. ವಾರ್ಪ್ ಅನ್ನೋದರ ಸಾರ ಪೂರ್ತಿ ಅದರಲ್ಲೇ ಇದೆ.

ಚಿಕ್ಕಿ
ಮೀನು ಚೆನ್ನಾಗಿದೆ, ಆದ್ರೆ ಹೊಸಗೆರೆಯವರ ಕಿವಿ ಇನ್ನೂ ಎರಡೇ ಇದಾವೆ 😄

ತೆಳುತಗಡು
ತ್ರಿಕೋನದ ಮುರುಕು ಗೆರೆ ಬೇಡ, ಗೆರೆ ಜೋಡಿಸೋ ಕಷ್ಟವೂ ಬೇಡ ಅನ್ನೋರಿಗೆ ಥಿನ್ ಪ್ಲೇಟ್ ಸ್ಪ್ಲೈನ್ ಇದೆ. ತೆಳು ಲೋಹದ ತಗಡನ್ನ ಕೆಲವು ಕಡೆ ಒತ್ತಿ ಹಿಡಿದರೆ ಉಳಿದ ಭಾಗ ಹೇಗೆ ಬಾಗುತ್ತೋ ಹಾಗೆ. ಕರ್ನಲ್ ದೂರ² × ಲಾಗ್(ದೂರ). 76 ಬಿಂದುವಿಗೆ 79×79 ಮ್ಯಾಟ್ರಿಕ್ಸ್, ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಬಿಡಿಸಿದರೆ ಮುಗೀತು.

ಎಡವೋ ಜಾಗಗಳು: ದೂರ ಸೊನ್ನೆ ಇದ್ದಾಗ ಲಾಗ್ ಸಿಡಿಯುತ್ತೆ, ಅಲ್ಲಿ ಬೆಲೆ ಸೊನ್ನೆ ಅಂತ ನೀವೇ ಹಾಕಬೇಕು. ಹಾಕದಿದ್ದರೆ ಸರಿಯಾಗಿ ಬಿಂದುಗಳ ಮೇಲೇ ಖಾಲಿ ಚುಕ್ಕೆ ಬೀಳುತ್ತೆ. ನಿರ್ದೇಶಾಂಕಗಳನ್ನ 0–1ಕ್ಕೆ ಇಳಿಸಿಕೊಳ್ಳಿ, 1000ದ ಆಸುಪಾಸಿನ ಸಂಖ್ಯೆಗಳನ್ನೇ ಹಾಕಿದರೆ ಮ್ಯಾಟ್ರಿಕ್ಸ್‌ನ ಅಂಕಿಗಳು ತೀರಾ ಏರುಪೇರಾಗಿ ನಿಖರತೆ ಕೆಡುತ್ತೆ. ಎರಡು ಬಿಂದು ಒಂದರ ಮೇಲೊಂದು ಬಿದ್ದಿದ್ದರೆ ಬಿಡಿಸೋಕೇ ಆಗಲ್ಲ. ಕರ್ಣಕ್ಕೆ ಸಣ್ಣ ಸಂಖ್ಯೆ ಕೂಡಿಸಿದರೆ ಬಿಂದುಗಳು ಕರಾರುವಾಕ್ಕಾಗಿ ಕೂರಲ್ಲ, ಆದರೆ ಗುರುತಿನ ನಡುಕ ಅಡಗುತ್ತೆ.

ಪ್ರತಿ ಪಿಕ್ಸೆಲ್‌ಗೂ ಲೆಕ್ಕ ಹಾಕಬೇಡಿ. 8 ಪಿಕ್ಸೆಲ್‌ಗೊಂದರಂತೆ 129×129 ಜಾಲದಲ್ಲಿ ಹಾಕಿ ಹಿಗ್ಗಿಸಿ. ಲಾಗ್ ಲೆಕ್ಕ 8 ಕೋಟಿ ಹತ್ತಿರ ಇದ್ದದ್ದು 12–13 ಲಕ್ಷಕ್ಕೆ ಬರುತ್ತೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ಜಾಲರಿ
ನಯ ಹೌದು, ಆದರೆ ತಗಡು ಮಡಚಿಕೊಳ್ಳಲ್ಲ ಅನ್ನೋ ಖಾತ್ರಿ ಅದಕ್ಕಿಲ್ಲ. ಹತ್ತಿರದ ಎರಡು ಬಿಂದು ಎದುರುಬದುರು ಸರಿದರೆ ಚರ್ಮ ನೆರಿಗೆ ಬಿದ್ದಂಗೆ ಆಗುತ್ತೆ. ಎಲ್ಲಿ ಮಡಚಿದೆ ಅಂತ ಹುಡುಕೋದೂ ಕಷ್ಟ. ತ್ರಿಕೋನದಲ್ಲಾದರೆ ಚಿಹ್ನೆ ಸಹಿತ ವಿಸ್ತೀರ್ಣ ಲೆಕ್ಕ ಹಾಕಿದರೆ ಸಾಕು, ಋಣ ಬಂದದ್ದೆಲ್ಲ ತಲೆಕೆಳಗು.

ಕೋನಮಾಪಕ
ವಿಸ್ತೀರ್ಣವನ್ನ ಟಿ=0 ಮತ್ತು ಟಿ=1ರಲ್ಲಿ ಮಾತ್ರ ನೋಡಿ ಸುಮ್ಮನಾಗಬೇಡಿ. ಬಿಂದುಗಳು ನೇರ ಗೆರೆಯಲ್ಲಿ ಸರಿದರೂ ವಿಸ್ತೀರ್ಣ ಟಿಯ ವರ್ಗದ ಮೇಲೆ ಹೋಗುತ್ತೆ. ಎರಡೂ ತುದಿಯಲ್ಲಿ ಧನ ಇದ್ದು ನಡುವೆ ಋಣ ಆಗಬಹುದು. 180 ಡಿಗ್ರಿ ತಿರುಗಿದ ತ್ರಿಕೋನ ಟಿ=0.5ರಲ್ಲಿ ಒಂದೇ ಚುಕ್ಕೆಗೆ ಕುಸಿಯುತ್ತೆ. 90 ಡಿಗ್ರಿ ಆದರೆ ನಡುವೆ ಉದ್ದ 0.707 ಪಟ್ಟು, ವಿಸ್ತೀರ್ಣ ಅರ್ಧ. ಕೈ ಬೀಸೋ ಆಕೃತಿಗಳ ಮಾರ್ಫ್‌ನಲ್ಲಿ ತೋಳು ನಡುವೆ ಸೊರಗಿ ಮತ್ತೆ ತುಂಬಿಕೊಳ್ಳೋದು ಇದಕ್ಕೇ. ಅದಕ್ಕೆ ಬಿಂದುಗಳನ್ನಲ್ಲ, ತಿರುವು ಮತ್ತು ಹಿಗ್ಗನ್ನ ಬೇರೆ ಬೇರೆಯಾಗಿ ನಡೆಸಬೇಕು. 2000ದಲ್ಲಿ ಅಲೆಕ್ಸಾ, ಕೊಹೆನ್-ಓರ್, ಲೆವಿನ್ ಮಾಡಿದ್ದು ಅದನ್ನೇ. ನೇರ ನೋಟದ ಮುಖಗಳಿಗೆ ಇಷ್ಟೆಲ್ಲ ಬೇಡ.

ಚಿಕ್ಕಿ
ಒಂದು ಮುಖ ನೇರ, ಇನ್ನೊಂದು ಪಕ್ಕಕ್ಕೆ ತಿರುಗಿದ್ದರೆ?

ಕೋನಮಾಪಕ
ಆಗ ನಡುವಿನ ಮುಖ ಚಪ್ಪಟೆಯಾಗಿ ಸೊಟ್ಟಗಾಗುತ್ತೆ. ಎರಡು ಬೇರೆ ನೋಟಗಳ ಪಿಕ್ಸೆಲ್ ಸ್ಥಾನಗಳನ್ನ ನೇರವಾಗಿ ಬೆರೆಸಿದರೆ ಬರೋದು ಯಾವ ಕ್ಯಾಮೆರಾ ನೋಟವೂ ಅಲ್ಲ. ಸೈಟ್ಸ್ ಮತ್ತು ಡಯರ್ 1996ರಲ್ಲಿ ತೋರಿಸಿದ ದಾರಿ: ಮೊದಲು ಎರಡನ್ನೂ ಹೋಮೋಗ್ರಫಿಯಿಂದ (ಚಿತ್ರದ ನೋಟದ ಓರೆ ಬದಲಿಸೋ ಮ್ಯಾಟ್ರಿಕ್ಸ್) ಸಮಾಂತರ ನೋಟಕ್ಕೆ ತರೋದು, ಅಲ್ಲಿ ಮಾರ್ಫ್, ಆಮೇಲೆ ಬೇಕಾದ ನೋಟಕ್ಕೆ ಮತ್ತೊಂದು ಹೋಮೋಗ್ರಫಿ. ಆದರೂ ಕಾಣದ ಕಿವಿಯನ್ನ ಯಾವ ಗಣಿತವೂ ತಂದುಕೊಡಲ್ಲ.

ಸುಮ್ನೆ_ಓದುಗ
ಹೋಮೋಗ್ರಫಿ ಅಂದ ಮೇಲೆ ಒಂದು ಡೌಟು. ಓರೆ ಫೋಟೊದಲ್ಲಿರೋ ಕಾಗದವನ್ನ ನೆಟ್ಟಗೆ ಮಾಡೋಕೆ ಎರಡು ತ್ರಿಕೋನ ಸಾಕಲ್ವಾ?

ಅರ್ಧಪಿಕ್ಸೆಲ್
ಸಾಲದು. ಎರಡು ತ್ರಿಕೋನ ಸೇರುವ ಕರ್ಣದಲ್ಲಿ ಅಕ್ಷರದ ಸಾಲು ಮುರಿಯುತ್ತೆ. ಅಫೈನ್‌ಗೆ ದೂರ–ಹತ್ತಿರ ಗೊತ್ತಿಲ್ಲ. ಮೊದಲ ಪ್ಲೇಸ್ಟೇಷನ್ ಆಟಗಳಲ್ಲಿ ನೆಲದ ಚೌಕಗಳು ನುಲಿದಂತೆ ಕಾಣ್ತಿದ್ದದ್ದು ಇದೇ ಕಾರಣಕ್ಕೆ. 4 ಮೂಲೆ ಕೊಟ್ಟು 8 ಅಜ್ಞಾತಗಳ ಹೋಮೋಗ್ರಫಿ ಬಿಡಿಸಿ, ಕೊನೆಗೆ ಮೂರನೇ ಅಂಶದಿಂದ ಭಾಗಿಸೋದು ಮರೀಬೇಡಿ.

ಬಾಯಿ ಬಿಟ್ಟಿದ್ದೀನಿ, ಇನ್ನೊಂದು ಹೇಳಿಬಿಡ್ತೀನಿ. ಬಿಂದುಗಳನ್ನ ಸಣ್ಣ ಚಿತ್ರದಲ್ಲಿ ಹುಡುಕಿ ದೊಡ್ಡದಕ್ಕೆ ಗುಣಿಸ್ತಿದ್ದರೆ ಹುಷಾರು. ಅರ್ಧಕ್ಕೆ ಇಳಿಸಿದ್ದರೆ ಸರಿಯಾದ ಸ್ಥಾನ 2×ಅಡ್ಡ + 0.5, ಕಾಲು ಭಾಗಕ್ಕಾದರೆ 4×ಅಡ್ಡ + 1.5. ಯಾಕಂದ್ರೆ ರೀಸೈಜ್ ಪಿಕ್ಸೆಲ್‌ನ ಮಧ್ಯವನ್ನ ಅರ್ಧದಲ್ಲಿ ಇಡುತ್ತೆ, ವಾರ್ಪ್‌ಅಫೈನ್ ಮತ್ತು ರೀಮ್ಯಾಪ್ ಪೂರ್ಣಾಂಕದಲ್ಲಿ ಇಡುತ್ತವೆ.

ಗೆರೆಗಾರ
ಹೆಸರಿಗೆ ತಕ್ಕ ಹಾಗೆ ಅರ್ಧ ಪಿಕ್ಸೆಲ್ ಹಿಡ್ಕೊಂಡ್ರಲ್ಲ 😂 ಆದರೆ ನಿಧಾನ ಮಾರ್ಫ್‌ನಲ್ಲಿ ಅದಕ್ಕಿಂತ ಕಾಡೋದು ಇನ್ನೊಂದು: ಓಪನ್‌ಸಿವಿಯ ಮಾಮೂಲಿ ಬೈಲೀನಿಯರ್ ಸ್ಥಾನವನ್ನ ಪಿಕ್ಸೆಲ್‌ನ 32ನೇ ಒಂದು ಭಾಗಕ್ಕೆ ದುಂಡು ಮಾಡುತ್ತೆ. 60 ಫ್ರೇಮ್‌ನಲ್ಲಿ ಒಂದೇ ಪಿಕ್ಸೆಲ್ ಸರಿಯುವ ಜಾಗ ಫ್ರೇಮ್‌ಗೆ 60ನೇ ಒಂದು ಭಾಗ ಸರಿಯಬೇಕು, ಅದರ ಬದಲು ಎರಡು ಫ್ರೇಮ್‌ಗೊಮ್ಮೆ ಕುಂಟುತ್ತೆ. ಕಾಡಿದರೆ ಎರಡು ಪಟ್ಟು ದೊಡ್ಡ ಚಿತ್ರದಲ್ಲಿ ಮಾಡಿ ಕೊನೆಗೆ ಇಳಿಸಿ. ತೀರಾ ಕುಗ್ಗುವ ಜಾಗಗಳಲ್ಲಿ ಬರೋ ಮಿಣುಕೂ ಅದರಲ್ಲೇ ತಗ್ಗುತ್ತೆ, ಬೈಲೀನಿಯರ್ ನೋಡೋದು 4 ಪಿಕ್ಸೆಲ್ ಮಾತ್ರ ತಾನೆ.

ಬೆಳಕಿಂಡಿ
ಎಲ್ಲರೂ ಆಕಾರದಲ್ಲೇ ಮುಳುಗಿದ್ದೀರಿ. ಬಣ್ಣ ಬೆರೆಸುವಾಗ ಗಾಮಾ ಬಿಚ್ಚಿ, ಅಂದ್ರೆ ಪಿಕ್ಸೆಲ್ ಸಂಖ್ಯೆಯನ್ನ ನಿಜವಾದ ಬೆಳಕಿನ ಪ್ರಮಾಣಕ್ಕೆ ತಂದು ಬೆರೆಸಿ. ಕಪ್ಪು 0, ಬಿಳಿ 255, ನೇರ ಸರಾಸರಿ 128. ಬೆಳಕಿನ ಲೆಕ್ಕದಲ್ಲಿ ಸರಾಸರಿ ಮಾಡಿ ಮತ್ತೆ ಎಸ್‌ಆರ್‌ಜಿಬಿಗೆ (ಚಿತ್ರದ ಮಾಮೂಲಿ ಸಂಖ್ಯೆಗೆ) ತಂದರೆ 188. ನೇರ ಬೆರೆಸಿದರೆ ನಡುವಿನ ಫ್ರೇಮ್‌ಗಳು ಕಪ್ಪಾಗಿ ಕಾಣುತ್ತೆ.

ತೆಳುತಗಡು
ಒಪ್ಪಲ್ಲ. ಕಪ್ಪು ಕೂದಲಿನ ಚಿತ್ರದಿಂದ ಬಿಳಿ ಹಿನ್ನೆಲೆಗೆ ಹೋಗುವಾಗ ಬೆಳಕಿನ ಲೆಕ್ಕದಲ್ಲಿ ಬೆರೆಸಿದರೆ ಬಿಳಿ ಮೊದಲ ಕೆಲವೇ ಫ್ರೇಮ್‌ನಲ್ಲಿ ನುಗ್ಗಿಬಿಡುತ್ತೆ, ಆಮೇಲೆ ಏನೂ ಆಗ್ತಿಲ್ಲ ಅನ್ಸುತ್ತೆ. ಕಣ್ಣಿಗೆ ಸಮ ಅನ್ಸೋದು ಗಾಮಾ ಇರೋ ಸರಾಸರಿಯೇ. ವಾರ್ಪ್‌ನಲ್ಲಿ ಪಿಕ್ಸೆಲ್ ಬಣ್ಣ ಮತ್ತೆ ಲೆಕ್ಕ ಹಾಕೋಕೆ (ಮರುಮಾದರಿಗೆ) ಬೆಳಕಿನ ಲೆಕ್ಕ ಬಳಸಿ, ಕರಗಿಸೋಕೆ ಬೇಡ.

ಬೆಳಕಿಂಡಿ
ಅದು ಟಿಯ ವೇಗದ ಪ್ರಶ್ನೆ, ಗಾಮಾದ್ದಲ್ಲ. ಆಕಾರಕ್ಕೊಂದು ಟಿ, ಬಣ್ಣಕ್ಕೊಂದು ಟಿ ಇಟ್ಟುಕೊಳ್ಳಿ. ಆಕಾರಕ್ಕೆ 3ಟಿ²−2ಟಿ³ ಹಾಕಿದರೆ ಹೊರಡುವಾಗಲೂ ನಿಲ್ಲುವಾಗಲೂ ಮೆತ್ತಗೆ. ಬಣ್ಣದ ಟಿ ನಿಮ್ಮ ಕಣ್ಣಿಗೆ ಸರಿ ಕಂಡಂತೆ ಬಗ್ಗಿಸಿ.

ಇನ್ನೊಂದು ಯಾರೂ ಹೇಳದ್ದು: ಎರಡು ಚಿತ್ರದ ನಾಯ್ಸ್ ಒಂದಕ್ಕೊಂದು ಸಂಬಂಧ ಇಲ್ಲದ್ದು, ಸರಾಸರಿ ಆದಾಗ ಅದು 0.707 ಪಟ್ಟಿಗೆ ಇಳಿಯುತ್ತೆ. ಜೊತೆಗೆ ಬೈಲೀನಿಯರ್ ಮಬ್ಬು. ಹಾಗಾಗಿ ತುದಿಯ ಫ್ರೇಮ್ ಚೂಪು, ನಡುವಿನವು ಮೇಣ ಬಳಿದಂತೆ. ಬಿಂದು ಎಷ್ಟು ಇಟ್ಟರೂ ಇದು ಹೋಗಲ್ಲ. ನಡುವೆ ಸ್ವಲ್ಪ ಕಾಳು (ಗ್ರೇನ್) ಸೇರಿಸಿ, ಟಿ=0.5ರಲ್ಲಿ ಹೆಚ್ಚು, ತುದಿಗಳಲ್ಲಿ ಸೊನ್ನೆ.

ಸುಮ್ನೆ_ಓದುಗ
ಈಗ ಎಐ ಕಾಲದಲ್ಲಿ ಇದೆಲ್ಲ ಯಾಕ್ರೀ? ಎರಡು ಫೋಟೊ ಕೊಟ್ಟರೆ ನಡುವಿನದ್ದು ಅದೇ ಮಾಡ್ಕೊಡುತ್ತೆ.

ಕೋನಮಾಪಕ
ಮಾಡಿಕೊಡುತ್ತೆ. ಆದರೆ ಫ್ರೇಮ್ ತುಂಬುವ ಮಾದರಿಗಳು ಚಲನೆ ಊಹಿಸೋದು ಎರಡೂ ಚಿತ್ರದಲ್ಲಿ ಒಂದೇ ವಸ್ತು ಇದೆ ಅನ್ನೋ ನಂಬಿಕೆ ಮೇಲೆ. ಬೆಕ್ಕಿನ ಕಿವಿ ಮನುಷ್ಯನ ಯಾವ ಭಾಗಕ್ಕೆ ಹೋಗಬೇಕು ಅನ್ನೋದು ನಿಮ್ಮ ತೀರ್ಮಾನ, ಚಿತ್ರದಲ್ಲಿ ಬರೆದಿಲ್ಲ. ಚಿತ್ರ ಹುಟ್ಟಿಸುವ ಮಾದರಿ ಆದರೆ ನಡುವೆ ಮೂರನೆಯವರ ಮುಖವೊಂದು ಬಂದು ಹೋಗಬಹುದು. ಅದೂ ಚಂದವೇ, ಆದರೆ ಆ ಇಬ್ಬರ ನಡುವಿನದ್ದಲ್ಲ.

ಹೊಸಗೆರೆ
ವರದಿ: ಸರಾಸರಿ ಆಕಾರದ ಮೇಲೆ ಒಂದೇ ಡೆಲೋನೆ, ಈಗ ಜಿಗಿತ ಇಲ್ಲ. ರೀಮ್ಯಾಪ್‌ಗೆ ಬದಲಾಯಿಸಿದೆ, ಗೆರೆ ಒಂದೂ ಇಲ್ಲ. ಮೊದಲ ಸಲ ಚಿತ್ರ ಅಡ್ಡಬಿದ್ದು ಬಂತು, ಸಾಲು–ಕಂಬ ಅದಲುಬದಲಾಗಿತ್ತು. ಕಿವಿಗೆ 6, ಕೂದಲಿಗೆ 9, ಕತ್ತಿಗೆ 2 ಬಿಂದು, ಒಟ್ಟು 93. ಕಿವಿ ಒಂದೇ ಆಯ್ತು, ಕೂದಲ ತುದಿಯಲ್ಲಿ ಸ್ವಲ್ಪ ನೆರಳು ಉಳಿದಿದೆ, ಪರವಾಗಿಲ್ಲ.

ಚಿಹ್ನೆ ಸಹಿತ ವಿಸ್ತೀರ್ಣ ನೋಡಿದಾಗ ಎರಡು ತ್ರಿಕೋನ ಋಣ. ಎರಡೂ ಬಾಯೊಳಗೆ. ಮೊದಲ ಚಿತ್ರದಲ್ಲಿ ತುಟಿ ಮುಚ್ಚಿದೆ, ಎರಡನೆಯದರಲ್ಲಿ ಹಲ್ಲು ಕಾಣೋ ನಗು. ಹಲ್ಲಿನ ಮೇಲೆ ತುಟಿ ಬಣ್ಣದ ಉದ್ದ ಗೀರುಗಳು.

ಜಾಲರಿ
ನಿರೀಕ್ಷಿತವೇ. ಒಳತುಟಿಯ ಬಿಂದುಗಳು ಸೊನ್ನೆಯಿಂದ ಎಣಿಸಿದರೆ 60ರಿಂದ 67. ಮುಚ್ಚಿದ ಬಾಯಲ್ಲಿ ಮೇಲಿನ 62 ಮತ್ತು ಕೆಳಗಿನ 66 ಒಂದೇ ಜಾಗದಲ್ಲಿ ಇರಬೇಕು, ಗುರುತು ಹುಡುಕುವಾಗ ಒಂದು ಪಿಕ್ಸೆಲ್ ತಪ್ಪಿದರೂ ಕೆಳತುಟಿ ಮೇಲತುಟಿಯನ್ನ ದಾಟಿಬಿಡುತ್ತೆ. ಹಾಗೆ ದಾಟಿದ್ದರೆ ಎರಡನ್ನೂ ಅವುಗಳ ನಡುವಿಗೆ ತಂದು, ಕಾಲು ಪಿಕ್ಸೆಲ್ ಮೇಲೆ, ಕಾಲು ಪಿಕ್ಸೆಲ್ ಕೆಳಗೆ ಇಡಿ.

ಗೀರು ಬರೋದು ಮೊದಲ ಚಿತ್ರದಲ್ಲಿ ಆ ತ್ರಿಕೋನಕ್ಕೆ ಅಗಲವೇ ಇಲ್ಲದ ಕಾರಣ. ಒಂದೇ ಸಾಲು ಪಿಕ್ಸೆಲ್ ಎಳೆದು ಇಡೀ ಬಾಯಿ ತುಂಬಿಸ್ತಿದೆ. ಬಾಯೊಳಗಿನ ತ್ರಿಕೋನಗಳಿಗೆ ಬೆರೆಸೋದೇ ಬೇಡ, ಬಣ್ಣ ಪೂರ್ತಿ ಎರಡನೇ ಚಿತ್ರದಿಂದಲೇ ತಗೊಳ್ಳಿ. ಟಿ ಸಣ್ಣದಿದ್ದಾಗ ಆ ಜಾಗವೇ ಕೂದಲೆಳೆಯಷ್ಟು, ಹಲ್ಲು ಮೊದಲೇ ಬಂತು ಅಂತ ಯಾರಿಗೂ ಗೊತ್ತಾಗಲ್ಲ.

ಅರ್ಧಪಿಕ್ಸೆಲ್
61–67 ಮತ್ತು 63–65 ಜೋಡಿಗಳನ್ನೂ ನೋಡಿ. 62–66 ಮಾತ್ರ ಸರಿ ಮಾಡಿದರೆ ಮುಂದಿನ ಸಲ ತುಟಿಯ ಪಕ್ಕದಲ್ಲಿ ಇದೇ ಗೀರು ಬರುತ್ತೆ.